ಸೋಮವಾರದ ಅಂಗಿ

ಬುಧವಾರ, ಮಧ್ಯಾಹ್ನ
ಲಾಂಡ್ರಿಯ ಮೇಲಿನ ಮನೆ

ಪ್ರೀತಿಯ ಅತ್ತಿಗೆಗೆ,

ಕರ್ತನಲ್ಲಿ ವಂದನೆ. ಇದನ್ನು ಅಭ್ಯಾಸಬಲದಿಂದ ಬರೆದೆ. ಬರೆದ ಮೇಲೆ, ನಿಮಗೆ ವಂದನೆ ಹೇಳುವ ಯೋಗ್ಯತೆ ನನಗೆ ಇನ್ನೂ ಉಳಿದಿದೆಯೇ ಎಂದು ಪೆನ್ನಿನ ಕ್ಯಾಪು ಕಚ್ಚುತ್ತ ಕೂತಿದ್ದೆ. ಹೊಡೆದುಹಾಕುವುದಿಲ್ಲ, ಇರಲಿ.

ನೀವು ಫೋನ್ ಎತ್ತುತ್ತಿಲ್ಲ. ನಿಮ್ಮ ಅಕ್ಕ ಎತ್ತಿ, "ಅವಳು ಸ್ನಾನಕ್ಕೆ ಹೋಗಿದಾಳೆ" ಅನ್ನುತ್ತಾರೆ. ಬೆಳಿಗ್ಗೆ ಮಾಡಿದರೂ ಸ್ನಾನ, ಸಂಜೆ ಮಾಡಿದರೂ ಸ್ನಾನ. ಲಾಂಡ್ರಿ ನಡೆಸುವವರು ಅಷ್ಟು ಶುಭ್ರವಾಗಿರುವುದು ಸಹಜವೇ ಎಂದು ನಾನೂ ಫೋನ್ ಇಟ್ಟುಬಿಟ್ಟೆ. ಅದಕ್ಕೇ ಈ ಪತ್ರ. ಪತ್ರ ಬರೆಯುವುದು ನನಗೆ ಹೊಸದಲ್ಲ, ನಿಮಗೆ ಗೊತ್ತು. ನಗರಸಭೆಗೆ, ನೀರು ಸರಬರಾಜಿನವರಿಗೆ, ಪತ್ರಿಕೆಗಳಿಗೆ ಬರೆದದ್ದನ್ನೆಲ್ಲ ಒಟ್ಟು ಹಾಕಿದರೆ ನಾನು ಕೆಲಸ ಮಾಡಿದ ಗ್ರಂಥಾಲಯದಲ್ಲಿ ಒಂದು ಕಪಾಟು ತುಂಬೀತು. ಆದರೆ ಆ ಪತ್ರಗಳಲ್ಲಿ ತಪ್ಪು ಯಾವಾಗಲೂ ಎದುರಿನವರದಾಗಿರುತ್ತಿತ್ತು. ಇಂಥ ಪತ್ರ ಬರೆದು ರೂಢಿಯಿಲ್ಲ.

ಕೇಳುವುದು ಒಂದೇ. ಬರುವ ಸೋಮವಾರದೊಳಗೆ ಮನೆಗೆ ಬನ್ನಿ. ನನ್ನನ್ನು ಕ್ಷಮಿಸಬೇಕಾಗಿಲ್ಲ. ನನ್ನ ಜೊತೆ ಮಾತಾಡಬೇಕಾಗಿಯೂ ಇಲ್ಲ. ಹಿಂಬಾಗಿಲು ತೆಗೆದು, ಇಸ್ತ್ರಿಪೆಟ್ಟಿಗೆ ಕಾಯಿಸಿ, ನಿಮ್ಮ ಸ್ಟೂಲಿನ ಮೇಲೆ ಕೂತರೆ ಸಾಕು. ನಮ್ಮ ಬೋರ್ಡು ಬರೆದ ಪೇಂಟರ್ ನನಗಾಗಿ ಬರುವುದಿಲ್ಲ. ನಿಮಗಾಗಿ ಬಂದಾರು. ಯಾಕೆ ಬರಲೇಬೇಕು ಎಂಬುದನ್ನು ನಿನ್ನೆ ಅವರ ತಾಯಿಯ ಹತ್ತಿರ ಕೇಳಿಕೊಂಡು ಬಂದಿದ್ದೇನೆ. ಅದನ್ನು ಹೇಳುವ ಮುಂಚೆ ನನ್ನ ಪಾಲಿನದನ್ನು ಹೇಳಿಬಿಡಬೇಕು. ಇಲ್ಲದಿದ್ದರೆ ನೀವು ಈ ಕಾಗದವನ್ನು ಮಡಚಿ ನಿಮ್ಮ ಅಕ್ಕನ ಮೇಜಿನ ಕುಂಟುವ ಕಾಲಿಗೆ ಕೊಡುತ್ತೀರಿ.

ಮೊದಲು ಗೇಟಿನ ವಿಷಯ. ಅದರಲ್ಲಿ ನಾನು ಹೇಳಿದ್ದು ಸರಿ, ಅದನ್ನು ಈಗಲೂ ಬಿಟ್ಟುಕೊಡುವುದಿಲ್ಲ. ಚರ್ಚಿನ ಪಡಸಾಲೆಯಲ್ಲಿ ಇರುಳು ಯಾರೋ ನಾಲ್ಕು ಜನ ಮಲಗುತ್ತಾರೆಂದು ಕಬ್ಬಿಣದ ಗೇಟು ಹಾಕಿಸಲು ಹೊರಟವರು ನಮ್ಮ ಕಮಿಟಿಯವರು. "ನಾವೇನು ಲಾಡ್ಜ್ ನಡೆಸ್ತಿದೀವಾ?" ಎಂದು ಕಾರ್ಯದರ್ಶಿ ಕೇಳಿದಾಗ, "ಲಾಡ್ಜ್ ಅಂತ ಬೋರ್ಡ್ ಹಾಕಿಲ್ಲ, ಎಲ್ಲರಿಗೂ ಸ್ವಾಗತ ಅಂತ ಹಾಕಿದೀರಿ, ಅದನ್ನ ಮೊದಲು ಇಳಿಸಿ" ಎಂದೆ. ಅವರು ಗಂಟೆ ಬಾರಿಸಿ ನನ್ನನ್ನು ಕೂರಿಸಿದರು. ಈ ಜನ ಇವತ್ತು ಹೀಗಾದವರಲ್ಲ ಅತ್ತಿಗೆ. ಮುಂದಿನ ಬೆಂಚುಗಳಿಗೆ ಮನೆತನದ ಹೆಸರು ಕೆತ್ತಿದ ಹಿತ್ತಾಳೆ ಪಟ್ಟಿ ಹೊಡೆಸಿಕೊಂಡು, ಬೇರೆಯವರು ಕೂತರೆ ಕೆಮ್ಮುತ್ತಿದ್ದ ಕಾಲ ನನಗೆ ನೆನಪಿದೆ. ಆ ಪಟ್ಟಿಗಳನ್ನು ಕೀಳಿಸಲು ನಾನು ಎಷ್ಟು ಓಡಾಡಿದೆ ಎಂಬುದೂ ನೆನಪಿದೆ. ಸ್ಕ್ರೂ ಬಿಚ್ಚಿದ ತೂತುಗಳು ಈಗಲೂ ಹಾಗೇ ಇವೆ. ಹಾಡುವಾಗ ನನ್ನ ಬೆರಳು ತಾನಾಗಿ ಅಲ್ಲಿಗೆ ಹೋಗುತ್ತದೆ. ಅಣ್ಣ ಬದುಕಿದ್ದಾಗ ನನ್ನನ್ನು ಮನೆಯ ವಿರೋಧಪಕ್ಷ ಎಂದು ಕರೆಯುತ್ತಿದ್ದದ್ದು ಸುಮ್ಮನೆ ಅಲ್ಲ.

ಆ "ಎಲ್ಲರಿಗೂ ಸ್ವಾಗತ" ಎಂಬ ಬೋರ್ಡನ್ನು ಬರೆದವರು ನಮ್ಮ ಪೇಂಟರ್. ನಮ್ಮ ಲಾಂಡ್ರಿಯ ಬೋರ್ಡನ್ನೂ ಅವರೇ ಬರೆದದ್ದು. ನೀಲಿ ಅಕ್ಷರ, ಕೆಳಗೆ ಬೂದು ನೆರಳು. ಅಂಗಡಿಗಳೆಲ್ಲ ಬಣ್ಣ ಬಿಟ್ಟು ಪ್ಲಾಸ್ಟಿಕ್ ಹಾಳೆಗೆ ಹೋದ ಮೇಲೆ ಅವರ ಕೆಲಸ ಹೋಯಿತು, ಕೈ ನಡುಗಲು ಶುರುವಾಯಿತು, ಬಾಡಿಗೆ ಕೋಣೆ ಹೋಯಿತು. ಅವರು ತಾವೇ ಸ್ವಾಗತ ಎಂದು ಬರೆದ ಬೋರ್ಡಿನ ಕೆಳಗೆ ಮಲಗುತ್ತಿದ್ದರು. ಇದನ್ನು ಕಂಡು ಸುಮ್ಮನಿರುವುದು ನನ್ನ ಜಾಯಮಾನವಲ್ಲ.

ನೀವು ಸುಮ್ಮನಿದ್ದಿರಿ. ಸುಮ್ಮನಿದ್ದುಕೊಂಡೇ ಮಾಡುತ್ತಿದ್ದಿರಿ. ಸೋಮವಾರ ಬೆಳಿಗ್ಗೆ ಚರ್ಚಿನಿಂದ ಪ್ರಭುಭೋಜನದ ಮೇಜಿಗೆ ಹಾಸುವ ಬಟ್ಟೆಗಳು ಬರುತ್ತಿದ್ದವು. ನೀವು ಅವುಗಳನ್ನು ಮೊದಲು ಬೇರೆಯಾಗಿ ಜಾಲಿಸಿ, ಆ ನೀರನ್ನು ಮೋರಿಗೆ ಬಿಡದೆ ಹಿತ್ತಿಲ ಗಿಡದ ಬುಡಕ್ಕೆ ಹೊಯ್ಯುತ್ತಿದ್ದಿರಿ. ರೊಟ್ಟಿಯ ತುಣುಕು, ದ್ರಾಕ್ಷಾರಸದ ಹನಿ ಕಾಲುವೆಗೆ ಸೇರಬಾರದೆಂದು ನಿಮ್ಮ ಅತ್ತೆ, ಅಂದರೆ ನಮ್ಮ ಅಮ್ಮ, ಹೇಳಿಕೊಟ್ಟ ಪದ್ಧತಿ. ನಾನು ಮೇಲಿನ ಕಿಟಕಿಯಲ್ಲಿ ಪುಸ್ತಕ ಹಿಡಿದು ಕೂತು ನೋಡುತ್ತಿದ್ದೆ. ಅದಾದ ಮೇಲೆ ಪೇಂಟರ್ ಹಿಂಬಾಗಿಲಿಂದ ಬರುತ್ತಿದ್ದರು. ಪರದೆಯ ಹಿಂದೆ ಹೋಗಿ ಅಂಗಿ, ಪ್ಯಾಂಟು ಕಳಚಿ ಕೊಟ್ಟು, ಯಾರೋ ಗಿರಾಕಿ ಬಿಟ್ಟುಹೋದ ಉದ್ದನೆಯ ಗೌನು ತೊಟ್ಟು ಹೊರಗೆ ಬರುತ್ತಿದ್ದರು. ಬಟ್ಟೆ ಒಗೆದು ಒಣಗಿ ಇಸ್ತ್ರಿಯಾಗುವ ತನಕ ನಿಮಗೆ ಪೇಪರ್ ಓದಿ ಹೇಳುತ್ತಿದ್ದರು. ಸುದ್ದಿಯನ್ನಲ್ಲ, ಜಾಹೀರಾತುಗಳನ್ನು, ಅಕ್ಷರ ಹೇಗಿದೆ ಎಂಬ ಟೀಕೆಯ ಸಮೇತ. "ನೋಡಿ ಇದನ್ನ. ಒತ್ತು ಅನ್ನೋದು ಬಾಲ ಅಲ್ಲ, ಕಾಲು. ಈ ಅಕ್ಷರ ನಿಂತಿದೆಯಾ? ಬಿದ್ದಿದೆ" ಎಂದು ಅವರು ಬೈಯುವುದು, ನೀವು ನಗುವುದು ಮೇಲಕ್ಕೆ ಕೇಳಿಸುತ್ತಿತ್ತು. ಮಧ್ಯಾಹ್ನ ಗರಿಗರಿಯಾದ ಅಂಗಿಯಲ್ಲಿ ಹೊರಟರೆ ಯಾರೋ ಬೇರೆಯವರು ಎನಿಸುತ್ತಿತ್ತು.

ಯಾರು ಅವರು ಎಂದು ನಾನು ಕೇಳಿದಾಗ "ಒಬ್ಬ ಗಿರಾಕಿ" ಎಂದಿರಿ. ನನಗೆ ಅಷ್ಟು ಸಾಲದು. ಕೆದಕಿದೆ. ಕೆದಕಿ ಕೆದಕಿ, ಒಂದು ದಿನ ನೀವು ಅಂಗಿಗೆ ಗುಂಡಿ ಹಾಕುತ್ತ ಹೇಳಿಬಿಟ್ಟಿರಿ. ಅವರ ತಾಯಿ ವೃದ್ಧಾಶ್ರಮದಲ್ಲಿದ್ದಾರೆ. ಅಂಗಡಿ ಚೆನ್ನಾಗಿ ನಡೆಯುತ್ತಿದೆ, ಸೋಮವಾರ ರಜೆ ಎಂದು ಹೇಳಿಕೊಂಡು ಅವರು ತಾಯಿಯನ್ನು ನೋಡಲು ಹೋಗುತ್ತಾರೆ. ಅದಕ್ಕೆ ಈ ಅಂಗಿ. ಯಾರಿಗೂ ಹೇಳಬೇಡ ಎಂದು ನೀವು ಹೇಳಲಿಲ್ಲ. ಈ ಒಂದು ಮಾತನ್ನು ಹಿಡಿದುಕೊಂಡು ನಾನು ಎಷ್ಟೋ ದಿನ ನನ್ನನ್ನೇ ಬಿಡುಗಡೆ ಮಾಡಿಕೊಂಡಿದ್ದೇನೆ. ವಕೀಲಿ ಬುದ್ಧಿ. ಹೇಳಬೇಡ ಎಂದು ಹೇಳುವ ಅಗತ್ಯವೇ ಇರಲಿಲ್ಲ ಎಂಬುದು ಈಗ ಅರ್ಥವಾಗುತ್ತಿದೆ.

ಆಮೇಲಿನದು ನಿಮಗೆ ಗೊತ್ತು. ಆದರೂ ನನ್ನ ಕಡೆಯಿಂದ ಹೇಗಿತ್ತೆಂದು ಹೇಳುತ್ತೇನೆ. ಪಾಸ್ಟರ್ ಪ್ರಸಂಗ ಮುಗಿಸಿದ ಮೇಲೆ ಸಭೆಯ ಒಬ್ಬರು ಸರದಿಯಂತೆ ಮುಂದೆ ಹೋಗಿ ಎಲ್ಲರ ಪರವಾಗಿ ಬಿನ್ನಹದ ಪ್ರಾರ್ಥನೆ ಮಾಡಬೇಕಲ್ಲ, ಆ ಭಾನುವಾರ ನನ್ನ ಸರದಿ. ಮಾರನೆಯ ವಾರ ಗೇಟಿನ ಕೆಲಸ ಶುರುವಾಗುವುದಿತ್ತು. ಕಮಿಟಿಯಲ್ಲಿ ಮಾತಾಡಿದರೆ ಗಂಟೆ ಬಾರಿಸುತ್ತಾರೆ. ಪ್ರಾರ್ಥನೆಯಲ್ಲಿ ಯಾರೂ ಗಂಟೆ ಬಾರಿಸುವಂತಿಲ್ಲ, ಎದುರು ಮಾತಾಡುವಂತಿಲ್ಲ, ಕಣ್ಣು ಕೂಡ ತೆರೆಯುವಂತಿಲ್ಲ. ಕಾರ್ಯದರ್ಶಿ ತಲೆ ತಗ್ಗಿಸಿ ಕೂತಿದ್ದರು. ಕಣ್ಣು ಮುಚ್ಚುವ ಮುಂಚೆ ಆ ಬೋಳುತಲೆಯನ್ನು ಕಂಡು ನನ್ನೊಳಗೆ ಏನೋ ಎದ್ದಿತು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. ಆತ್ಮನು ಕೊಟ್ಟ ಮಾತು ಎಂದೇ ಅಂದುಕೊಂಡೆ.

ಕರ್ತನೇ, ನಮ್ಮ ಬೋರ್ಡನ್ನು ಬರೆದ ಪೇಂಟರ್ ನಮ್ಮ ಪಡಸಾಲೆಯ ಕಲ್ಲಿನ ಮೇಲೆ ಮಲಗುತ್ತಾನೆ. ತಾಯಿಗೆ ತನ್ನ ಪಾಡು ತಿಳಿಯದಿರಲೆಂದು ವಾರಕ್ಕೊಮ್ಮೆ ಅಂಗಿ ಒಗೆಸಿಕೊಂಡು ಆಕೆಯ ಮುಂದೆ ನಿಲ್ಲುತ್ತಾನೆ. ನಿನ್ನ ಭೋಜನದ ಮೇಜಿನ ಬಟ್ಟೆಯೂ ಅವನ ಅಂಗಿಯೂ ಒಂದೇ ಹಗ್ಗದ ಮೇಲೆ ಒಣಗುತ್ತವೆ. ಆ ಹಗ್ಗಕ್ಕೆ ಇಲ್ಲದ ಭೇದವನ್ನು ನಮ್ಮ ಬಾಗಿಲಿಗೆ ಹಾಕುತ್ತಿರುವ ನಮ್ಮನ್ನು ಕ್ಷಮಿಸು. ಹೀಗೆ ಹೇಳಿದೆ.

ಸಭೆ ಉಸಿರು ಬಿಗಿಹಿಡಿದಿತ್ತು. ನಾನು ಅದನ್ನು ಕೇಳಿಸಿಕೊಂಡೆ. ಕೇಳಿಸಿಕೊಂಡು ಇನ್ನೊಂದು ವಾಕ್ಯ ಸೇರಿಸಿದೆ. ಪ್ರಾರ್ಥನೆ ಮುಗಿದಾಗ ಎಲ್ಲರೂ ಆಮೆನ್ ಎಂದರು, ನೀವು ಅನ್ನಲಿಲ್ಲ. ನನ್ನ ಬೆಂಚಿಗೆ ವಾಪಸು ಬಂದು ನಿಮ್ಮ ಪಕ್ಕ ಕೂತಾಗ ನೀವು ಕೈಚೀಲವನ್ನು ಮಡಿಲಿನಿಂದ ತೆಗೆದು ನಮ್ಮಿಬ್ಬರ ಮಧ್ಯೆ ಇಟ್ಟಿರಿ. ಪೇಂಟರ್ ಕೊನೆಯ ಬೆಂಚಿನಲ್ಲಿ, ಬಾಗಿಲ ಹತ್ತಿರ ಕೂತಿದ್ದರಂತೆ. ಭಾನುವಾರದ ಹೊತ್ತಿಗೆ ಅಂಗಿ ವಾರದಷ್ಟು ಹಳೆಯದಾಗಿರುತ್ತಿತ್ತಲ್ಲ, ಅದಕ್ಕೇ ಅಲ್ಲಿ. ನಾನು ನೋಡಲಿಲ್ಲ. ಪ್ರಾರ್ಥನೆ ಮಾಡುವಾಗ ನಾನೂ ಕಣ್ಣು ಮುಚ್ಚಿದ್ದೆ, ಅದೊಂದರಲ್ಲಿ ಮಾತ್ರ ಪದ್ಧತಿ ಪಾಲಿಸಿದ್ದೆ.

ಗೇಟು ಬರಲಿಲ್ಲ. ಕಮಿಟಿ ಅದೇ ಮಧ್ಯಾಹ್ನ ಕೂತು ತೀರ್ಮಾನ ಹಿಂತೆಗೆದುಕೊಂಡಿತು. ಜನ ನನ್ನ ಕೈ ಕುಲುಕಿದರು. ಬದುಕಿನಲ್ಲಿ ಬರೆದ ಅರ್ಜಿಗಳಲ್ಲಿ ಇಷ್ಟು ಬೇಗ ಉತ್ತರ ಬಂದದ್ದು ಇದೊಂದಕ್ಕೇ. ನಾನು ಮನೆಗೆ ಬಂದು ಅಣ್ಣನ ಫೋಟೋ ಮುಂದೆ ನಿಂತು "ವಿರೋಧಪಕ್ಷ ಗೆದ್ದಿತು ಕಣೋ" ಎಂದೆ. ನೀವು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಿರಿ. ತೊಳೆದ ಪಾತ್ರೆಯನ್ನೇ ತೊಳೆಯುತ್ತಿದ್ದಿರಿ.

ಮತ್ತೆ ಆ ಗುರುವಾರ ನಡೆದದ್ದು. ವೃದ್ಧಾಶ್ರಮಕ್ಕೆ ಭೇಟಿ ಕೊಡುವ ಗುಂಪಿನ ಮುಂದಾಳು ನಮ್ಮ ಕೇಕ್ ಆಂಟಿ, ಪಾಪ, ಕೆಟ್ಟವರಲ್ಲ, ಒಳ್ಳೆಯತನ ಮಾತ್ರ ಸ್ವಲ್ಪ ಜಾಸ್ತಿ. ನನ್ನ ಪ್ರಾರ್ಥನೆ ಕೇಳಿ ಮನಸ್ಸು ಕರಗಿ, ಮನೆಯವರ ಹಳೆಯ ಅಂಗಿಗಳನ್ನೆಲ್ಲ ಚೀಲಕ್ಕೆ ತುಂಬಿ, "ನಿಮ್ಮ ಮಗನಿಗೆ, ಸಭೆಯ ಪ್ರೀತಿಯಿಂದ" ಎಂದು ಚೀಟಿ ಅಂಟಿಸಿ, ತಮಗೆ ಮೊದಲಿಂದ ಪರಿಚಯವಿದ್ದ ಪೇಂಟರ್ ತಾಯಿಯ ಮಂಚದ ಪಕ್ಕ ಇಟ್ಟು, ಕೈ ಹಿಡಿದು ಅತ್ತು ಬಂದರು. ಸೋಮವಾರ ಪೇಂಟರ್ ನಿಮ್ಮಲ್ಲಿ ಬಟ್ಟೆ ಒಗೆಸಿಕೊಂಡು ಹೋದರು. ಅಂದು ಪೇಪರ್ ಓದಲಿಲ್ಲ ಎಂದು ನೀವು ಹೇಳಿದಿರಿ. ಅಲ್ಲಿ ಹೋಗಿ ಆ ಚೀಲವನ್ನೂ ಚೀಟಿಯನ್ನೂ ನೋಡಿದರು. ಅಕ್ಷರವೇ ಕಸುಬಾಗಿದ್ದ ಮನುಷ್ಯ. ಅದರ ಮುಂದಿನ ಸೋಮವಾರ ಬರಲಿಲ್ಲ.

ನೀವು ಇಸ್ತ್ರಿಪೆಟ್ಟಿಗೆ ಕಾಯಿಸಿಕೊಂಡು ಸಂಜೆಯವರೆಗೆ ಕೂತಿದ್ದಿರಿ. ನಾನು ಮೆಟ್ಟಿಲ ಮೇಲೆ ನಿಂತು, "ಬೇರೆ ಕಡೆ ಕೆಲಸ ಸಿಕ್ಕಿರಬಹುದು" ಎಂದೆ. ನೀವು ಚಪ್ಪಲಿ ಮೆಟ್ಟಿ ವೃದ್ಧಾಶ್ರಮಕ್ಕೆ ಹೋಗಿ ಬಂದಿರಿ. ಬಂದು, ಕೊಡೆಯನ್ನು ಮೂಲೆಗೆ ಒರಗಿಸಿ, ಚೀಲದ ವಿಷಯ ಹೇಳಿ, ಕೊನೆಗೆ ಅಂದಿರಿ, "ನೀನು ಗೆದ್ದೆ ಪುಟ್ಟಿ. ಗೇಟೂ ಬರಲ್ಲ. ಅವರೂ ಬರಲ್ಲ." ತಲೆ ಪೂರ್ತಿ ನರೆತ ಮೇಲೂ ನನ್ನನ್ನು ಪುಟ್ಟಿ ಎಂದು ಕರೆಯುವವರು ನೀವೊಬ್ಬರೇ. ಆ ಹೊತ್ತಿನಲ್ಲೂ ಹಾಗೇ ಕರೆದಿರಿ. ಅದಕ್ಕಿಂತ ಬೈದಿದ್ದರೆ ವಾಸಿಯಿತ್ತು, ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ. ಬೆಳಿಗ್ಗೆ ಎದ್ದರೆ ನಿಮ್ಮ ಸೂಟ್‌ಕೇಸ್ ಇರಲಿಲ್ಲ.

ನೀವು ಹೋದ ಮೇಲಿನ ಸಮಾಚಾರ. ಶಟರ್ ಎಳೆದೇ ಇದೆ. ಗಿರಾಕಿಗಳು ಬಂದು, "ಅಮ್ಮ ಯಾವಾಗ ಬರ್ತಾರೆ?" ಎಂದು ನನ್ನನ್ನು ಕೇಳುತ್ತಾರೆ, ನಾನು ಯಾವುದೋ ಕಚೇರಿಯ ಗುಮಾಸ್ತೆಯ ಹಾಗೆ "ಸದ್ಯದಲ್ಲೇ" ಅನ್ನುತ್ತೇನೆ. ಇಂಥ ಉತ್ತರ ಕೊಟ್ಟವರ ಮೇಲೆ ನಾನೇ ಎಷ್ಟು ದೂರು ಬರೆದಿದ್ದೇನೋ.

ಹೋದ ಭಾನುವಾರ ಬಿನ್ನಹದ ಪ್ರಾರ್ಥನೆ ಮಾಡಬೇಕಿದ್ದವರಿಗೆ ಜ್ವರ. ಪಾಸ್ಟರ್ ನನ್ನನ್ನೇ ಕೇಳಿದರು, "ಹೋದ ಸಲ ಅಷ್ಟು ಚೆನ್ನಾಗಿ ಮಾಡಿದ್ರಲ್ಲ." ಬೇಡ ಎಂದರೆ ಕಾರಣ ಹೇಳಬೇಕಾಗುತ್ತದೆ. ಮುಂದೆ ಹೋಗಿ ನಿಂತೆ. ಒಂದು ಮಾತೂ ಹೊರಡಲಿಲ್ಲ. ಪೀಠದ ಅಂಚು ಹಿಡಿದು ಸುಮ್ಮನೆ ನಿಂತಿದ್ದೆ. ಯಾರೋ ಕೆಮ್ಮಿದರು, ಒಂದು ಮಗು ಏನೋ ಕೇಳಿತು, ತಾಯಿ ಶ್ ಎಂದಳು. ಕೊನೆಗೆ ಆಮೆನ್ ಎಂದು ಹೇಳಿ ಇಳಿದು ಬಂದೆ. ಆರಾಧನೆ ಮುಗಿದ ಮೇಲೆ ಜನ ಸಾಲುಗಟ್ಟಿ ಬಂದು ಕೈ ಹಿಡಿದರು, ಎಂಥ ಪ್ರಾರ್ಥನೆ, ಮೌನಕ್ಕಿಂತ ದೊಡ್ಡ ಮಾತುಂಟೇ ಎಂದರು. ಕೇಕ್ ಆಂಟಿ ಅತ್ತರು. ನೋಡಿದಿರಾ ಅತ್ತಿಗೆ, ಬಾಯಿ ಮುಚ್ಚಿಕೊಂಡರೂ ನನಗೆ ಹೊಗಳಿಕೆ ತಪ್ಪಲಿಲ್ಲ. ಚಿಕ್ಕಂದಿನಲ್ಲಿ ಭಾನುವಾರದ ಶಾಲೆಯಲ್ಲಿ, ಕೊಡುವುದನ್ನು ಗುಟ್ಟಾಗಿ ಕೊಡಬೇಕು, ಬೀದಿಯಲ್ಲಿ ತುತ್ತೂರಿ ಊದಿಸಬಾರದು ಎಂಬ ಪಾಠ ಬಾಯಿಪಾಠ ಒಪ್ಪಿಸಿ ಬಹುಮಾನ ಪಡೆದವಳು ನಾನು. ಕೊಟ್ಟವರು ನೀವು, ಊದಿದವಳು ನಾನು. ಇಂಥದ್ದೊಂದು ಪಾಪ ಇರಬಹುದು ಎಂದು ಯಾವ ಪಾಸ್ಟರೂ ಪ್ರಸಂಗದಲ್ಲಿ ಹೇಳಿರಲಿಲ್ಲ. ಇಷ್ಟು ಓದಿದ ನನಗೂ ಹೊಳೆದಿರಲಿಲ್ಲ.

ಸೋಮವಾರ ಪ್ರಭುಭೋಜನದ ಬಟ್ಟೆ ಬಂತು. ವಾಪಸು ಕಳಿಸಲು ಮನಸ್ಸಾಗಲಿಲ್ಲ. ಜಾಲಿಸಿದೆ, ನೀರನ್ನು ಗಿಡಕ್ಕೆ ಹೊಯ್ದೆ. ಅಲ್ಲಿಯವರೆಗೆ ಎಲ್ಲ ಸರಿ. ಇಸ್ತ್ರಿ ಮಾಡುವಾಗ ಹಿತ್ತಿಲ ಬಾಗಿಲ ಕಡೆ ಏನೋ ಸದ್ದಾದಂತಾಗಿ ತಿರುಗಿ ನೋಡಿದೆ. ಬೆಕ್ಕು. ಈ ಕಡೆ ತಿರುಗುವಷ್ಟರಲ್ಲಿ ಬಟ್ಟೆಯ ನಡುಮಧ್ಯೆ ಇಸ್ತ್ರಿಪೆಟ್ಟಿಗೆಯ ಆಕಾರದ ಕಂದು ಗುರುತು. ಶಿಲುಬೆ ಕಸೂತಿ ಇದೆಯಲ್ಲ, ಅದರ ಪಕ್ಕದಲ್ಲೇ. ಅದನ್ನು ಕೈಯಲ್ಲಿ ಹಿಡಿದು ಕಾರ್ಯದರ್ಶಿಗಳ ಮನೆಗೆ ಹೋದೆ. ಬೈಸಿಕೊಳ್ಳುವ ಆಸೆಯಿಂದಲೇ ಹೋದೆ. ಅವರು ಬಟ್ಟೆಯನ್ನು ತಿರುಗಿಸಿ ನೋಡಿ, "ಪಾತ್ರೆ ಇಟ್ಟರೆ ಮುಚ್ಚಿಹೋಗುತ್ತೆ, ಬಿಡಿ" ಎಂದರು. ಆಮೇಲೆ ಬಾಗಿಲವರೆಗೆ ಬಂದು ತಗ್ಗಿದ ದನಿಯಲ್ಲಿ, "ಆ ಪೇಂಟರ್ ಎಲ್ಲಾದ್ರೂ ಕಂಡ್ರಾ? ಪಡಸಾಲೆ ದೀಪ ಹಾಗೇ ಉರಿಯೋಕೆ ಬಿಟ್ಟಿದೀನಿ. ಮಿಕ್ಕವರೆಲ್ಲ ಬರ್ತಾರೆ, ಅವರು ಬರ್ತಿಲ್ಲ" ಎಂದರು. ಆ ಮನುಷ್ಯನ ಮೇಲೆ ಕೋಪ ಇಟ್ಟುಕೊಂಡಿರುವ ಒಂದು ಅನುಕೂಲವಿತ್ತು, ಅದೂ ಹೋಯಿತು.

ನಾನು ಅವರಿಗೆ ನಿಜ ಹೇಳಲಿಲ್ಲ. ನಾನು ಪೇಂಟರನ್ನು ಕಂಡಿದ್ದೆ. ಶನಿವಾರ, ಮಾರುಕಟ್ಟೆಯ ಹಿಂದೆ, ರೈಲ್ವೆ ಸೇತುವೆಯ ಕೆಳಗೆ. ಗೋಡೆಯ ಮೇಲಿನ ಹಳೆಯ ಸೋಪಿನ ಜಾಹೀರಾತೊಂದನ್ನು ನೋಡುತ್ತ ನಿಂತಿದ್ದರು. ಅಂಗಿಯ ಕಾಲರು ಕಪ್ಪಾಗಿತ್ತು. ನನ್ನನ್ನು ನೋಡಿ ಗುರುತು ಹಿಡಿದು, ನಿಧಾನವಾಗಿ ಗೋಡೆಯ ಕಡೆ ತಿರುಗಿದರು. ಓಡಲಿಲ್ಲ, ಬೈಯಲಿಲ್ಲ, ಸುಮ್ಮನೆ ಬೆನ್ನು ಮಾಡಿದರು. ರಸ್ತೆ ದಾಟಿ ಹೋಗಿ ಕ್ಷಮೆ ಕೇಳಬೇಕೆಂದು ಒಂದು ಕಾಲು ಮುಂದಿಟ್ಟೆ. ನಡುಬೀದಿಯಲ್ಲಿ ಇನ್ನೊಮ್ಮೆ ಅವರ ವಿಷಯ ಮಾತಾಡುವವಳು ನಾನೇ ಆಗುತ್ತೇನೆ ಎನಿಸಿ ಕಾಲು ಹಿಂದಕ್ಕೆ ತೆಗೆದುಕೊಂಡೆ. ಸರಿಯೋ ತಪ್ಪೋ ಗೊತ್ತಿಲ್ಲ. ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ ಎಂದು ಯೋಚಿಸಿದೆ. ನೀವು ಬಹುಶಃ, "ಸೋಮವಾರ ಅಂಗಡಿ ತೆಗೆದಿರುತ್ತೆ" ಎಂದಷ್ಟೇ ಹೇಳಿ ತರಕಾರಿ ಕೊಳ್ಳಲು ಹೋಗುತ್ತಿದ್ದಿರಿ.

ನಿನ್ನೆ ವೃದ್ಧಾಶ್ರಮಕ್ಕೆ ಹೋದೆ. ಕೊನೆಯ ಮಹಡಿ, ಕಿಟಕಿ ಪಕ್ಕದ ಮಂಚ. ಪೇಂಟರ್ ತಾಯಿ ಟವೆಲು ಮಡಚುತ್ತಿದ್ದರು. ಆ ಚೀಲ ಇನ್ನೂ ಅಲ್ಲೇ ಇತ್ತು, ಚೀಟಿ ಗೋಡೆಯ ಕಡೆ ತಿರುಗಿತ್ತು. ನಾನು ಯಾರೆಂದು ಹೇಳುವ ಮುಂಚೆಯೇ, "ನೀವೇನಾ ಪ್ರಾರ್ಥನೆ ಮಾಡಿದೋರು?" ಎಂದು ಕೇಳಿದರು. ಹೌದು ಎಂದೆ. "ತುಂಬಾ ಚೆನ್ನಾಗಿ ಮಾಡಿದ್ರಂತೆ" ಎಂದರು. ಹೇಳಿದ ರೀತಿಯಲ್ಲಿ ವ್ಯಂಗ್ಯ ಹುಡುಕಿದೆ. ಇರಲಿಲ್ಲ. ಕೂರಿ ಎಂದು ಸ್ಟೂಲ್ ತೋರಿಸಿದರು, ಅದು ಮಗನ ಸ್ಟೂಲ್ ಎಂದು ಆಮೇಲೆ ತಿಳಿಯಿತು.

ಅವರಿಗೆ ಎಲ್ಲವೂ ಮೊದಲಿಂದ ಗೊತ್ತಿತ್ತು ಅತ್ತಿಗೆ. "ಬೋರ್ಡ್ ಬರೆಯೋನ ಉಗುರಲ್ಲಿ ಬಣ್ಣ ಇಲ್ಲ ಅಂದ್ರೆ ಹೆತ್ತವಳಿಗೆ ತಿಳಿಯಲ್ವಾ? ವಾರ ವಾರ ಅದೇ ಅಂಗಿ, ಅದೇ ಹೊಲಿದ ಜೇಬು" ಎಂದರು. ಪೇಂಟರ್ ಬಂದಾಗಲೆಲ್ಲ ಆ ವಾರ ಬರೆದ ಒಂದು ಬೋರ್ಡಿನ ಕಥೆ ಹೇಳುತ್ತಿದ್ದರಂತೆ. ಔಷಧಿ ಅಂಗಡಿ, ಹಸಿರು ಅಕ್ಷರ. ಹೊಲಿಗೆ ಶಾಲೆ, ಕೆಂಪು ಅಕ್ಷರ. "ನೆರಳು ಕೊಟ್ಟೆಯಾ ಅಂತ ನಾನು ಕೇಳೋದು. ಕೊಟ್ಟೆ ಅಮ್ಮಾ, ಎಡಗಡೆಗೆ ಕೊಟ್ಟೆ ಅಂತ ಅವನು ಹೇಳೋದು. ಅಷ್ಟೇ ನಮ್ಮ ಸೋಮವಾರ. ಈಗ ಅವನು ಬಂದ್ರೆ ಏನು ಹೇಳ್ಬೇಕು? ನಾನು ಏನು ಕೇಳ್ಬೇಕು?" ಎಂದು ಟವೆಲನ್ನು ಮತ್ತೆ ಬಿಡಿಸಿ ಮೊದಲಿಂದ ಮಡಚಲು ಶುರುಮಾಡಿದರು.

ನಾನು ಸತ್ಯವನ್ನು ಬಯಲಿಗೆ ತಂದೆ ಎಂದುಕೊಂಡಿದ್ದೆ. ಸತ್ಯ ಅವರಿಬ್ಬರಿಗೂ ಗೊತ್ತೇ ಇತ್ತು. ನಾನು ಕಿತ್ತುಕೊಂಡದ್ದು ಆ ಬೋರ್ಡುಗಳನ್ನು.

ಕ್ಷಮೆ ಕೇಳಿದೆ. "ಕೇಳಿದ್ರಲ್ಲ, ಆಯ್ತು. ಈಗ ಒಂದು ಕೆಲಸ ಮಾಡಿ" ಎಂದರು. ಕ್ಷಮೆ ಇಷ್ಟು ಗಡಿಬಿಡಿಯಲ್ಲಿ ಸಿಗುತ್ತದೆ ಎಂದು ನಾನು ಎಣಿಸಿರಲಿಲ್ಲ. ಕೆಲಸ ಏನೆಂದರೆ, ಅವರ ಮಗನಿಗೆ ಒಂದು ಸುಳ್ಳು ತಲುಪಿಸಬೇಕು. "ಮುದುಕಿಗೆ ಮರೆವು ಹಿಡಿದಿದೆ, ಹೋದ ವಾರದ್ದು ಈ ವಾರ ನೆನಪಿಲ್ಲ ಅಂತ ಹೇಳಿ. ಈ ಚೀಲ ಯಾರದ್ದು ಅಂತ ಕೇಳ್ತಾಳೆ, ಯಾರೋ ಮರೆತು ಹೋಗಿದಾರೆ ಅಂತಾಳೆ, ಮಗನ ಅಂಗಡಿ ಹೇಗಿದೆ ಅಂತ ಎಲ್ಲರನ್ನೂ ಕೇಳ್ತಾಳೆ ಅಂತ ಹೇಳಿ. ಎರಡು ದಿನದಿಂದ ನರ್ಸ್ ಹುಡುಗೀನ ಬೇರೆ ಬೇರೆ ಹೆಸರಲ್ಲಿ ಕರೀತಾ ಇದೀನಿ. ಅಭ್ಯಾಸ ಆಗ್ಲಿ ಅಂತ" ಎಂದು ಹೇಳಿ ಕಣ್ಣು ಮಿಟುಕಿಸಿದರು. ಅಷ್ಟು ಚುರುಕಾದ ಕಣ್ಣುಗಳನ್ನು ನಾನು ಈಚೆಗೆ ನೋಡಿಲ್ಲ. ಇರುವ ಬುದ್ಧಿಯನ್ನು ಇಲ್ಲ ಎನ್ನಿಸಿಕೊಂಡು ಕೊನೆಗಾಲ ಕಳೆಯಲು ಆಕೆ ತಯಾರಾಗಿದ್ದಾರೆ, ಮಗ ಇಸ್ತ್ರಿ ಅಂಗಿಯಲ್ಲಿ ಬಂದು ತನ್ನ ಮುಂದೆ ಸುಳ್ಳು ಹೇಳಲಿ ಎಂದು. ವರ್ಷಗಟ್ಟಲೆ ಪ್ರೀತಿಯ ಬಗ್ಗೆ ಪ್ರಸಂಗ ಕೇಳಿದ್ದೇನೆ, ದೇವಶಾಸ್ತ್ರದ ದಪ್ಪ ಪುಸ್ತಕಗಳನ್ನು ಅಂಚಿನಲ್ಲಿ ಟಿಪ್ಪಣಿ ಹಾಕಿಕೊಂಡು ಓದಿದ್ದೇನೆ. ನಿನ್ನೆ ಮೆಟ್ಟಿಲಿಳಿಯುವಾಗ ಅದರಲ್ಲಿ ಒಂದು ಸಾಲೂ ಕೈಗೆ ಸಿಗಲಿಲ್ಲ, ಕಂಬಿ ಹಿಡಿದು ಇಳಿದೆ.

ಈ ಸುಳ್ಳನ್ನು ನಾನು ತಲುಪಿಸಲಾರೆ. ಹೇಳಲು ಸಂಕೋಚವೆಂದಲ್ಲ, ನನ್ನ ಬಾಯಿಂದ ಬಂದರೆ ಪೇಂಟರ್ ನಂಬುವುದಿಲ್ಲ. ನೀವು ಅಂಗಿ ಇಸ್ತ್ರಿ ಮಾಡುತ್ತ, ತಲೆ ಎತ್ತದೆ, "ನಿಮ್ಮ ತಾಯಿಗೆ ಈಚೆಗೆ ಯಾವುದೂ ನೆನಪಿರಲ್ವಂತೆ" ಎಂದರೆ ನಂಬುತ್ತಾರೆ. ನಂಬದಿದ್ದರೂ ನಂಬಿದ ಹಾಗೆ ಮಾಡಿ ಹೋಗುತ್ತಾರೆ. ಅವರ ಮನೆತನಕ್ಕೆ ಅದು ಬರುತ್ತದೆ. ಸೇತುವೆಯ ಕೆಳಗೆ ಹೋಗಿ ಕರೆಯುವುದೋ, ಬಾಗಿಲು ತೆಗೆದು ಕಾಯುವುದೋ, ನಿಮಗೆ ಬಿಟ್ಟದ್ದು. ನಾನು ಮಧ್ಯೆ ಬರುವುದಿಲ್ಲ. ಸೋಮವಾರ ನಾನು ಮನೆಯಲ್ಲೂ ಇರುವುದಿಲ್ಲ, ಗ್ರಂಥಾಲಯದಲ್ಲಿ ಕೂತಿರುತ್ತೇನೆ. ಮೇಲಿನ ಕಿಟಕಿಗೆ ದಪ್ಪ ಪರದೆ ಹೊಲಿಸಿದ್ದೇನೆ, ಬಂದಾಗ ನೋಡಿ.

ನಿಮ್ಮ ಅಕ್ಕನಿಗೆ ನನ್ನ ನಮಸ್ಕಾರ ಹೇಳಿ. ಅವರ ಮನೆಯ ನೀರೆಲ್ಲ ಮುಗಿಯುವ ಮುಂಚೆ ಸ್ನಾನ ಮುಗಿಸಿ ಹೊರಟುಬನ್ನಿ.

ನಿಮ್ಮ
ಪುಟ್ಟಿ

ಮರೆತ ಮಾತು: ಅಂಚೆಗೆ ಹಾಕಲು ಹೊರಟವಳು ಬಾಗಿಲಿಂದ ವಾಪಸು ಬಂದು ಕೂತಿದ್ದೇನೆ. ಆ ಪ್ರಾರ್ಥನೆಯನ್ನು ಬಾಯಿಗೆ ಬಂದಂತೆ ಹೇಳಿದೆ ಎಂದು ಮೇಲೆ ಬರೆದಿದ್ದೇನಲ್ಲ, ಅದು ನಿಜವಲ್ಲ. ಶನಿವಾರವೇ ಬರೆದು, ತಿದ್ದಿ, ಕನ್ನಡಿ ಮುಂದೆ ನಿಂತು ಓದಿ ನೋಡಿದ್ದೆ. ಮೊದಲು ಬರೆದದ್ದರಲ್ಲಿ "ಒಬ್ಬ ಮನುಷ್ಯ" ಎಂದಷ್ಟೇ ಇತ್ತು. ಪೇಂಟರ್ ಇರಲಿಲ್ಲ, ತಾಯಿ ಇರಲಿಲ್ಲ. ಗೇಟು ನಿಲ್ಲಿಸಲು ಅಷ್ಟೇ ಸಾಕಿತ್ತು. ಓದಿದಾಗ ಏನೋ ಸಪ್ಪೆ ಎನಿಸಿತು, ಅದಕ್ಕೇ ಸೇರಿಸಿದೆ. ಸೇರಿಸಿ ಓದಿದಾಗ ನನ್ನ ಕಣ್ಣಲ್ಲೇ ನೀರು ಬಂತು, ಚೆನ್ನಾಗಿದೆ ಎಂದುಕೊಂಡೆ. ಆಗ ನೀವು ಕೆಳಗೆ, ಸೋಮವಾರ ಅವರ ಅಂಗಿಯ ಜೇಬಿಗೆ ಇನ್ನೊಂದು ಹೊಲಿಗೆ ಹಾಕಲೆಂದು ದಾರ ಹುಡುಕುತ್ತಿದ್ದಿರಿ, "ಪುಟ್ಟಿ, ಬಿಳಿ ದಾರ ನೋಡಿದೆಯಾ?" ಎಂದು ಕೂಗಿದಿರಿ. ಕೆಲಸದಲ್ಲಿದ್ದೇನೆ ಎಂದೆ. ದಾರ ನನ್ನ ಮೇಜಿನ ಮೇಲೇ ಇತ್ತು.